ಬ್ರಷ್ಷು, ಶಾಯಿ, ಮಳೆಗಾಲದ ಹಾಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರಷ್ ಮತ್ತು ಕಪ್ಪು ಶಾಯಿಯಲ್ಲಿ ಗೆರೆ ಅಭ್ಯಾಸ ಮಾಡುವ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ. ಹಾಳೆ ಲಗತ್ತಿಸಿದವರಿಗೆ ಆ ಹಾಳೆ ನೋಡಿಯೇ ಉತ್ತರ ಬರೆದಿದ್ದೇವೆ.

ಸರ್, ನಾನು ದ್ವಿತೀಯ ಪಿಯುಸಿ ಓದ್ತಿದ್ದೀನಿ. ಪೆನ್ಸಿಲ್‌ನಲ್ಲಿ ಚಿತ್ರ ಚೆನ್ನಾಗೇ ಬರುತ್ತೆ. ಬ್ರಷ್ ಹಿಡಿದ ಕೂಡಲೇ ಗೆರೆ ಹಾಳಾಗುತ್ತೆ. ದಿನಾ ಹತ್ತು ಹಾಳೆ ಗೆರೆ ಎಳೆದರೂ ಸುಧಾರಿಸಿಲ್ಲ. ಮೂರು ಹಾಳೆ ಇದರ ಜೊತೆ ಇಟ್ಟಿದ್ದೀನಿ. ಕೈ ನಡುಕ ಹೋಗೋಕೆ ಏನು ಮಾಡ್ಬೇಕು?
– ವಿದ್ಯಾರ್ಥಿ, ಹೊಸನಗರ

ನಿಮ್ಮ ಹಾಳೆಗಳಲ್ಲಿ ನಡುಕ ಕಾಣುತ್ತಿಲ್ಲ. ಕೈ ನಡುಗಿದರೆ ಗೆರೆಯ ಎರಡೂ ಅಂಚು ಒಟ್ಟಿಗೇ ಅಂಕುಡೊಂಕಾಗುತ್ತವೆ, ದಪ್ಪ ಮಾತ್ರ ಬದಲಾಗುವುದಿಲ್ಲ. ನಿಮ್ಮ ಗೆರೆ ಶುರುವಿನಲ್ಲಿ ಊದಿಕೊಂಡಿದೆ, ಐದಾರು ಸೆಂಟಿಮೀಟರ್ ಆದಮೇಲೆ ತೆಳುವಾಗಿ ಬೂದು ಬಣ್ಣಕ್ಕೆ ತಿರುಗಿದೆ, ಕೊನೆಗೆ ಎರಡು ಕವಲಾಗಿ ಸೀಳಿದೆ. ಇದು ಬ್ರಷ್ಷಿಗೆ ಶಾಯಿ ತುಂಬುವಾಗಿನ ತಪ್ಪು. ಅದನ್ನು ತಿದ್ದದೆ ಹತ್ತು ಹಾಳೆ ಎಳೆದರೆ ಅದೇ ತಪ್ಪು ಹತ್ತು ಹಾಳೆಗೆ ಹರಡುತ್ತದೆ, ಅಷ್ಟೇ.

ಬಾಟಲಿಗೆ ನೇರವಾಗಿ ಅದ್ದುವುದನ್ನು ಮೊದಲು ಬಿಡಿ. ಎಷ್ಟು ಆಳಕ್ಕೆ ಅದ್ದಿತು ಎಂಬುದು ಬಾಟಲಿಯೊಳಗೆ ಕಾಣುವುದಿಲ್ಲ. ಚಪ್ಪಟೆ ಪಿಂಗಾಣಿ ಬಸಿಗೆ ಒಂದು ಟೀ ಚಮಚದಷ್ಟು ಶಾಯಿ ಸುರಿದುಕೊಳ್ಳಿ. ಬ್ರಷ್ಷನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಳೇ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒಣ ಬ್ರಷ್ ಅದ್ದಿದರೆ ಶಾಯಿ ಕೂದಲಿನ ಬುಡದವರೆಗೆ ಹೀರಿಕೊಂಡು ತಗಡಿನ ಕೊರಳಿನೊಳಗೆ ಒಣಗುತ್ತದೆ. ನೆನೆದ ಬ್ರಷ್ಷಿನಲ್ಲಿ ಆ ಜಾಗವನ್ನು ನೀರು ಮೊದಲೇ ಹಿಡಿದಿರುತ್ತದೆ. ಆಮೇಲೆ ಕೂದಲಿನ ಮೂರರಲ್ಲಿ ಎರಡು ಪಾಲು ಮಾತ್ರ ಶಾಯಿಗೆ ಅದ್ದಿ. ಬಸಿಯ ಅಂಚಿಗೆ ಬ್ರಷ್ಷನ್ನು ಓರೆಯಾಗಿ ಮಲಗಿಸಿ, ಹಿಡಿಕೆಯನ್ನು ಬೆರಳಲ್ಲಿ ಹೊರಳಿಸುತ್ತ ಎರಡು ಸಲ ಈಚೆಗೆ ಎಳೆಯಿರಿ. ಹೊರಳಿಸದೆ ಎಳೆದರೆ ತುದಿ ಚಪ್ಪಟೆಯಾಗಿ ಒಂದು ಮಗ್ಗುಲಿಗೆ ದಪ್ಪ, ಇನ್ನೊಂದಕ್ಕೆ ತೆಳು ಗೆರೆ ಬರುತ್ತದೆ. ನಿಮ್ಮ ಎರಡನೇ ಹಾಳೆಯ ಅಡ್ಡಗೆರೆಗಳಲ್ಲಿ ಆಗಿರುವುದು ಇದೇ. ಮೊದಲ ಸ್ಪರ್ಶ ಯಾವಾಗಲೂ ರದ್ದಿ ಕಾಗದದ ಮೇಲೆ, ಒಂದು ಸಣ್ಣ ಎಳೆ. ಅಲ್ಲಿ ಊದಿಕೊಂಡರೆ ಇನ್ನೊಮ್ಮೆ ಅಂಚಿಗೆ ಎಳೆಯಿರಿ, ಬಿರುಕು ಬಿಟ್ಟರೆ ಇನ್ನಷ್ಟು ಶಾಯಿ ತೆಗೆದುಕೊಳ್ಳಿ. ಗೆರೆಯ ನಡುವೆ ಶಾಯಿ ಬೂದಾದರೆ ಒಳಗೆ ನೀರು ಹೆಚ್ಚಿದೆ, ಬಟ್ಟೆಯಲ್ಲಿ ಸರಿಯಾಗಿ ಒತ್ತಿಲ್ಲ ಎಂದರ್ಥ.

ಈಗ ಕೈ. ಪೆನ್ಸಿಲ್ ಹಿಡಿಯುವಂತೆ ತುದಿಗೆ ಅಂಟಿಕೊಂಡು ಹಿಡಿಯಬೇಡಿ. ತಗಡಿನ ಕೊರಳಿನಿಂದ ಎರಡು ಬೆರಳಗಲ ಮೇಲೆ ಹಿಡಿಯಿರಿ. ಎರಡು ಸೆಂಟಿಮೀಟರ್ ಒಳಗಿನ ಗೆರೆಗೆ ಬೆರಳು ಸಾಕು. ಆರೇಳು ಸೆಂಟಿಮೀಟರ್‌ಗೆ ಮಣಿಕಟ್ಟು ಬೇಕು, ಅದಕ್ಕಿಂತ ಉದ್ದವಾದರೆ ಮೊಣಕೈ ಚಲಿಸಬೇಕು. ನೀವು ಹಾಳೆಯ ಅಗಲಕ್ಕೂ ಮಣಿಕಟ್ಟಿನಿಂದಲೇ ಎಳೆದಿದ್ದೀರಿ. ಅದಕ್ಕೇ ನೇರ ಗೆರೆಗಳೆಲ್ಲ ಬಿಲ್ಲಿನ ಹಾಗೆ ಬಾಗಿವೆ. ಕಿರುಬೆರಳಿನ ತುದಿಯನ್ನು ಹಾಳೆಗೆ ಹಗುರವಾಗಿ ತಾಗಿಸಿ ಇಡಿ, ಅದು ಬ್ರಷ್ಷಿನ ಎತ್ತರವನ್ನು ಕಾಯುತ್ತದೆ. ಬ್ರಷ್ಷನ್ನು ಯಾವಾಗಲೂ ಎಳೆಯಬೇಕು, ಮುಂದಕ್ಕೆ ತಳ್ಳಬಾರದು. ತಳ್ಳಿದರೆ ಕೂದಲು ಹಿಂದಕ್ಕೆ ಮುರಿದು ಶಾಯಿ ಚಿಮ್ಮುತ್ತದೆ. ಗೆರೆಯ ದಿಕ್ಕು ಅನನುಕೂಲವಾದರೆ ಹಾಳೆಯನ್ನೇ ತಿರುಗಿಸಿಕೊಳ್ಳಿ.

ಅಭ್ಯಾಸಕ್ಕೆ ದಿನಕ್ಕೆ ಒಂದು ಎ4 ಹಾಳೆ ಸಾಕು, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಹಾಳೆಯ ಮೇಲಿನ ಕಾಲುಭಾಗದಲ್ಲಿ ತುದಿಯಿಂದ ಮಾತ್ರ, ಒಂದು ಮಿಲಿಮೀಟರ್ ದಪ್ಪದ ಹತ್ತು ಸೆಂಟಿಮೀಟರ್ ಗೆರೆಗಳು. ಗೆರೆಗೂ ಗೆರೆಗೂ ಅರ್ಧ ಸೆಂಟಿಮೀಟರ್ ಅಂತರವಿರಲಿ. ಅಡಿಪಟ್ಟಿ ಬೇಡ, ಪೆನ್ಸಿಲ್ ಗುರುತೂ ಬೇಡ. ಗೆರೆ ಮುಗಿಯುವ ಜಾಗದಲ್ಲಿ ಮನಸ್ಸಿನಲ್ಲೇ ಒಂದು ಚುಕ್ಕಿ ಇಟ್ಟುಕೊಂಡು ಕಣ್ಣನ್ನು ಅಲ್ಲಿಡಿ. ಬ್ರಷ್ಷಿನ ತುದಿಯನ್ನೇ ನೋಡುತ್ತಿದ್ದರೆ ಗೆರೆ ಅಲ್ಲಲ್ಲಿ ನಿಂತು ನಿಂತು ಹೋಗುತ್ತದೆ, ನಿಂತ ಕಡೆಯೆಲ್ಲ ಗಂಟು ಬೀಳುತ್ತದೆ.

ಎರಡನೇ ಕಾಲುಭಾಗ ಒತ್ತುವ-ಬಿಡುವ ಗೆರೆಗೆ. ಇದೇ ಮುಖ್ಯ ಪಾಠ, ಸಮಯ ಕೊಡಬೇಕಾದ್ದು ಇದಕ್ಕೇ. ತುದಿಯಿಂದ ತೆಳುವಾಗಿ ಶುರುಮಾಡಿ, ಚಲಿಸುತ್ತಲೇ ನಿಧಾನಕ್ಕೆ ಒತ್ತಿ ನಾಲ್ಕು ಮಿಲಿಮೀಟರ್‌ವರೆಗೆ ದಪ್ಪ ಮಾಡಿ, ಮತ್ತೆ ಚಲಿಸುತ್ತಲೇ ಎತ್ತಿ ತೆಳುವಿಗೆ ತನ್ನಿ. ಒಟ್ಟು ಹತ್ತು ಸೆಂಟಿಮೀಟರ್, ದಪ್ಪದ ಜಾಗ ಸರಿಯಾಗಿ ಮಧ್ಯದಲ್ಲಿ ಬರಬೇಕು. ಹತ್ತು ಗೆರೆ ಒಂದರ ಕೆಳಗೊಂದು ಎಳೆದು ನೋಡಿ. ದಪ್ಪದ ಜಾಗಗಳು ಒಂದೇ ಸಾಲಿನಲ್ಲಿ ನಿಂತರೆ ಒತ್ತಡ ನಿಮ್ಮ ಹಿಡಿತಕ್ಕೆ ಬಂದಿದೆ. ಸಾಮಾನ್ಯವಾಗಿ ಅವು ಕೊನೆಯ ಕಡೆಗೆ ಜಾರುತ್ತವೆ, ಏಕೆಂದರೆ ಒತ್ತುವುದು ಸುಲಭ, ಎತ್ತುವುದು ಕಷ್ಟ. ಕೊನೆಯಲ್ಲಿ ಸೀಳುವುದೂ ಅದರಿಂದಲೇ. ಕೈ ನಿಲ್ಲಿಸಿ ಆಮೇಲೆ ಬ್ರಷ್ ಎತ್ತಿದರೆ ಹರಡಿದ ಕೂದಲು ಒಟ್ಟುಗೂಡಲು ಅವಕಾಶವೇ ಸಿಗುವುದಿಲ್ಲ. ಗೆರೆ ಮುಗಿದಮೇಲೂ ಕೈ ಅದೇ ದಿಕ್ಕಿನಲ್ಲಿ ಗಾಳಿಯಲ್ಲಿ ಎರಡು ಸೆಂಟಿಮೀಟರ್ ಹೋಗಲಿ.

ಉಳಿದ ಅರ್ಧ ಹಾಳೆಯಲ್ಲಿ ಬಾಗುಗೆರೆಗಳು. ಮೊದಲು ಅರ್ಧವೃತ್ತ, ಆಮೇಲೆ ಹಾವಿನ ಓಟದ ಎರಡು ತಿರುವಿನ ಗೆರೆ, ಕೊನೆಗೆ ಒಳಗಿನಿಂದ ಹೊರಕ್ಕೆ ಬಿಚ್ಚಿಕೊಳ್ಳುವ ಸುರುಳಿ. ಸುರುಳಿಯಲ್ಲಿ ಸುತ್ತುಗಳ ನಡುವಿನ ಬಿಳಿ ಜಾಗ ಸಮನಾಗಿದೆಯೇ ನೋಡಿ, ಕಪ್ಪನ್ನು ನೋಡಬೇಡಿ. ಬಾಗುವ ಕಡೆ ವೇಗ ತಗ್ಗಿಸಿದರೆ ಅಲ್ಲಿ ಶಾಯಿ ನಿಂತು ಗೆರೆ ಊದುತ್ತದೆ. ಎಲ್ಲ ಕಡೆ ಒಂದೇ ವೇಗವಿರಲಿ. ಹಾಳೆ ಮುಗಿದಮೇಲೆ ಅತ್ಯುತ್ತಮವಾದ ಒಂದು ಗೆರೆಗೆ, ಅತಿ ಕೆಟ್ಟ ಒಂದಕ್ಕೆ ಕೆಂಪು ಗುರುತು ಹಾಕಿ ತಾರೀಖು ಬರೆದಿಡಿ. ಎರಡು ವಾರ ಇಷ್ಟೇ ಮಾಡಿ, ಆಮೇಲೆ ಇನ್ನೊಂದು ಹಾಳೆ ಕಳಿಸಿ.

ನಮಸ್ಕಾರ. ಮಕ್ಕಳು ಶಾಲೆಗೆ ಹೋದಮೇಲೆ ಒಂದು ಗಂಟೆ ಬಿಡುವು ಸಿಗುತ್ತೆ, ಬ್ರಷ್ ಡ್ರಾಯಿಂಗ್ ಕಲಿಯೋಣ ಅಂತ. ಶಿವಮೊಗ್ಗದ ಅಂಗಡಿಯಲ್ಲಿ ಕೇಳಿದ್ರೆ ಹತ್ತು ಥರದ ಬ್ರಷ್ ಮುಂದಿಡ್ತಾರೆ. ಏನೇನು ತಗೋಬೇಕು?
– ಗೃಹಿಣಿ, ಸಾಗರ

ದುಂಡು ತುದಿಯ ಸಿಂಥೆಟಿಕ್ ಬ್ರಷ್ ಎರಡು ಸಾಕು: 6ನೇ ನಂಬರಿನದೊಂದು, 2ನೇ ನಂಬರಿನದೊಂದು. ಹೊಸಬರು ಸಣ್ಣ ಬ್ರಷ್ ಕೊಂಡರೆ ಸಣ್ಣ ಗೆರೆ ಬರುತ್ತದೆ ಅಂದುಕೊಳ್ಳುತ್ತಾರೆ. ತುದಿ ಚೂಪಾಗಿದ್ದರೆ 6ನೇ ನಂಬರಿನಲ್ಲೂ ಕೂದಲೆಳೆಯ ಗೆರೆ ಬರುತ್ತದೆ, ಹೊಟ್ಟೆಯಲ್ಲಿ ಶಾಯಿಯೂ ಹೆಚ್ಚು ನಿಲ್ಲುತ್ತದೆ. ಆರು ಬ್ರಷ್ಷಿನ ಅಗ್ಗದ ಸೆಟ್ಟು ಬೇಡ.

ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ. ಹೊಸ ಬ್ರಷ್ಷಿಗೆ ಅಂಟು ಹಾಕಿ ತುದಿ ಚೂಪಾಗಿ ಕೂರಿಸಿರುತ್ತಾರೆ, ಆದ್ದರಿಂದ ಒಣ ತುದಿ ನೋಡಿ ಏನೂ ಹೇಳಲಾಗದು. ನೀರಿನಲ್ಲಿ ತೊಳೆದು ಅಂಟು ಬಿಡಿಸಿ, ಒಂದು ಸಲ ಜಾಡಿಸಿ. ತುದಿ ತಾನಾಗಿ ಒಂದೇ ಮೊನೆಗೆ ಬರಬೇಕು. ಅಂಗೈ ಮೇಲೆ ಒತ್ತಿ ಬಿಟ್ಟಾಗ ಕೂದಲು ನೆಟ್ಟಗಾಗಬೇಕು. ಅಳಿಲ ಕೂದಲಿನ ಬ್ರಷ್ ಮೆತ್ತಗಿದ್ದು ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ಒತ್ತಿದ ಮೇಲೆ ಹಾಗೇ ಮಲಗಿಬಿಡುತ್ತದೆ. ತೆಳುಬಣ್ಣ ಬಳಿಯಲು ಸರಿ, ಗೆರೆ ಕಲಿಯಲು ಅಲ್ಲ. ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ತೋರಿಸಿದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟವೂ ಖರೀದಿಯೂ ಅಪರಾಧ.

ಶಾಯಿಯಲ್ಲಿ 'ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್' ಎಂದು ಬರೆದಿರುವುದನ್ನು ಕೇಳಿ. ಅದರಲ್ಲಿ ಮಸಿಯ ಕಣವಿದೆ, ಹಿಡಿದಿಡಲು ಅರಗು ಇಲ್ಲವೇ ಅಂಥದೇ ಅಂಟು ಇರುತ್ತದೆ. ಒಣಗಿದಮೇಲೆ ಮೇಲೆ ನೀರು ಬಿದ್ದರೂ ಕರಗುವುದಿಲ್ಲ. ಫೌಂಟನ್ ಪೆನ್ನಿನ ಶಾಯಿ ಬರೀ ಬಣ್ಣದ ನೀರು. ಅದು ಬ್ರಷ್ಷಿಗೆ ತೆಳು, ಒಣಗಿದರೂ ನೀರು ತಾಗಿದರೆ ಕದಡುತ್ತದೆ. ಹಾಗೆಯೇ ಡ್ರಾಯಿಂಗ್ ಇಂಕನ್ನು ಯಜಮಾನರ ಪೆನ್ನಿಗೆ ತುಂಬಿಸಿಬಿಡಬೇಡಿ, ನಿಬ್ಬಿನ ನಾಳ ಕಟ್ಟಿಕೊಂಡು ಪೆನ್ನು ಹೋಗುತ್ತದೆ. ಅಭ್ಯಾಸಕ್ಕೆ 75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಜೆರಾಕ್ಸ್ ಹಾಳೆ ಸಾಕು. ಇಟ್ಟುಕೊಳ್ಳುವ ಚಿತ್ರಕ್ಕೆ 150 ಜಿಎಸ್‌ಎಂ ಅಥವಾ ಅದಕ್ಕೂ ದಪ್ಪದ ಕಾರ್ಟ್ರಿಜ್ ಹಾಳೆ ಇರಲಿ.

ಆಷಾಢ ಬಂತು ಅಂದ್ರೆ ನಮ್ಮ ಕಡೆ ಚಿತ್ರ ಬಿಡಿಸೋದೇ ನಿಲ್ಲುತ್ತೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಅದೇ ಬಂಡಲ್ ಹಾಳೆಯಲ್ಲಿ ಈಗ ಗೆರೆ ಎಳೆದ್ರೆ ಸುತ್ತ ಬೇರು ಬಿಟ್ಟ ಹಾಗೆ ಹರಡುತ್ತೆ. ಶಾಯಿ ಕೆಟ್ಟಿದೆಯಾ?
– ಓದುಗರು, ಆಗುಂಬೆ

ಶಾಯಿ ಕೆಟ್ಟಿಲ್ಲ, ಹಾಳೆ ಕೆಟ್ಟಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಕಾಗದದ ನಾರು ಸ್ವಭಾವತಃ ನೀರು ಹೀರುತ್ತದೆ. ಹೀರದಂತೆ ತಡೆಯಲು ಕಾರ್ಖಾನೆಯಲ್ಲೇ ಜೆಲಟಿನ್, ಗಂಜಿ ಅಥವಾ ರಾಸಾಯನಿಕದ ಲೇಪ ಕೊಟ್ಟಿರುತ್ತಾರೆ. ಥಂಡಿಯಲ್ಲಿ ವಾರಗಟ್ಟಲೆ ಇದ್ದ ಹಾಳೆಯಲ್ಲಿ ಬೂಷ್ಟು ಈ ಲೇಪವನ್ನು ತಿನ್ನುತ್ತದೆ, ವಿಶೇಷವಾಗಿ ಜೆಲಟಿನ್ ಮತ್ತು ಗಂಜಿಯದನ್ನು. ಬರಿಗಣ್ಣಿಗೆ ಏನೂ ಕಾಣದಿರಬಹುದು, ಶಾಯಿ ಬಿದ್ದ ಮೇಲೆ ಮಾತ್ರ ಕಪ್ಪು ಮಚ್ಚೆಗಳಾಗಿ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಹಾಳೆಯ ಮೂಲೆಯಲ್ಲಿ ಒಂದು ಹನಿ ನೀರಿಡಿ. ಎರಡು ನಿಮಿಷವಾದರೂ ಹನಿ ದುಂಡಗೆ ನಿಂತಿದ್ದರೆ ಹಾಳೆ ಚೆನ್ನಾಗಿದೆ. ಕೆಲವೇ ಸೆಕೆಂಡಿನಲ್ಲಿ ಇಂಗಿ ಹಿಂಬದಿಗೆ ಕಂಡರೆ ಲೇಪ ಹೋಗಿದೆ. ಹನಿ ನಿಂತೂ ಶಾಯಿ ಹರಡುತ್ತಿದ್ದರೆ ಹಾಳೆ ತೇವ ಎಳೆದುಕೊಂಡಿದೆಯಷ್ಟೆ, ಒಣಗಿಸಿದರೆ ಸರಿಹೋಗುತ್ತದೆ. ಎರಡು ದಿನಪತ್ರಿಕೆಯ ನಡುವೆ ಹಾಳೆ ಇಟ್ಟು, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ, ಹಬೆ ಇಲ್ಲದೆ, ಒಂದೊಂದು ಬದಿಗೆ ಅರ್ಧ ನಿಮಿಷ ಆಡಿಸಿ. ಬಿಸಿ ಆರಿದ ಕೂಡಲೇ ಬಳಸಿ. ಒಂದು ಗಂಟೆ ಬಿಟ್ಟರೆ ಮತ್ತೆ ಮೊದಲಿನಂತೆಯೇ ಆಗುತ್ತದೆ.

ಲೇಪ ಹೋದ ಹಾಳೆಗೆ ಮರುಲೇಪ ಕೊಡಬಹುದು. ಅರ್ಧ ಲೀಟರ್ ನೀರಿಗೆ 10 ಗ್ರಾಂ ಜೆಲಟಿನ್ ಹಾಕಿ ಹತ್ತು ನಿಮಿಷ ನೆನೆಸಿ, ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಕುದಿಸಬೇಡಿ. ಅದಕ್ಕೆ ಒಂದು ಗ್ರಾಂ, ಅಂದರೆ ಎರಡು ಚಿಟಿಕೆ, ಪಟಿಕದ ಪುಡಿ. ಬೆಚ್ಚಗಿರುವಾಗಲೇ ಅಗಲ ಬ್ರಷ್ಷಿನಲ್ಲಿ ಒಂದು ಕೈ ಬಳಿದು ದಾರಕ್ಕೆ ನೇತುಹಾಕಿ. ಪಟಿಕ ಹೆಚ್ಚಾದರೆ ಹಾಳೆ ಹುಳಿಯಾಗಿ ಕೆಲ ವರ್ಷಕ್ಕೆ ಪುಡಿಯಾಗುತ್ತದೆ. ಅನ್ನದ ಗಂಜಿ ಬಳಿಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಅದು ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ ಬಡಿಸಿದಂತೆಯೇ. ಇಷ್ಟೆಲ್ಲ ಶ್ರಮ ಒಳ್ಳೇ ಹಾಳೆಗೆ ಮಾತ್ರ ಮಾಡಿ, ಜೆರಾಕ್ಸ್ ಹಾಳೆಗೆ ಬೇಡ.

ಹಾಳೆಯನ್ನು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಡಿ. ಹೊಸ ಬ್ಯಾಗು, ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಅದರೊಳಗೆ ಹಾಕಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಗೆ ಹಾಳೆ ಹಳದಿಯಾಗುತ್ತದೆ. ಟ್ರಂಕು ಮಣ್ಣಿನ ಗೋಡೆಗೂ ಜಂಬಿಟ್ಟಿಗೆ ಗೋಡೆಗೂ ಒತ್ತಿಕೊಂಡಿರಬಾರದು. ಬಿಡಿಸುವಾಗ ಅಂಗೈ ಕೆಳಗೆ ಒಂದು ತುಂಡು ಕಾಗದ ಇರಲಿ, ಕೈ ಬೆವರೂ ಎಣ್ಣೆಯೂ ಗೆರೆ ಕೆಡಿಸುತ್ತವೆ.

ಇನ್ನೊಂದು ಮಾತು. ಈ ಹವೆಯಲ್ಲಿ ಶಾಯಿ ಹತ್ತು ನಿಮಿಷಕ್ಕೆ ಒಣಗಿದಂತೆ ಕಾಣುತ್ತದೆ, ಒಳಗೆ ಒಣಗಿರುವುದಿಲ್ಲ. ಪೆನ್ಸಿಲ್ ಗುರುತು ಅಳಿಸುವುದಾಗಲಿ ಮೇಲೆ ನೀರುಬಣ್ಣ ಬಳಿಯುವುದಾಗಲಿ ಮಾರನೇ ದಿನಕ್ಕೆ.

ನಿವೃತ್ತ ಮೇಷ್ಟ್ರು ನಾನು. ಚೀನೀ ಶೈಲಿಯ ಬಿದಿರನ್ನು ವಿಡಿಯೋ ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಕಾಂಡ ಸುಮಾರಾಗಿ ಬರುತ್ತದೆ, ಎಲೆ ಮಾತ್ರ ಮೀನಿನಂತಾಗುತ್ತದೆ. ನಮ್ಮ ಹಿತ್ತಲಿನ ಬಿದಿರು ನೋಡಿ ಬಿಡಿಸಿದರೆ ಚಿತ್ರ ಬಿದಿರೇ ಅಲ್ಲ ಅನಿಸುತ್ತದೆ. ಏಕೆ?
– ಓದುಗರು, ಕೊಪ್ಪ

ಮೇಷ್ಟ್ರೇ, ಎರಡನೆಯದಕ್ಕೆ ಮೊದಲು ಉತ್ತರ. ಚೀನೀ ಚಿತ್ರಗಳಲ್ಲಿರುವುದು ಹೆಚ್ಚಾಗಿ ಬೇರು ನೆಲದಡಿ ಹರಿದು ಒಂದೊಂದೇ ಗಳು ದೂರ ದೂರ ಏಳುವ ಜಾತಿ. ನಮ್ಮ ಹೆಬ್ಬಿದಿರು ಹಿಂಡಾಗಿ ಬೆಳೆಯುತ್ತದೆ. ಬುಡದಲ್ಲಿ ಮುಳ್ಳಿನ ಕವಲು ಹೆಣೆದುಕೊಂಡಿರುತ್ತದೆ, ತುದಿ ಬಿಲ್ಲಾಗಿ ಬಾಗುತ್ತದೆ. ವಿಡಿಯೋದ ಗೆರೆಗಳನ್ನು ಹಾಗೇ ಹಿಂಡಿಗೆ ಹಚ್ಚಿದರೆ ಹೊಂದುವುದಿಲ್ಲ. ಹಿಂಡಿನ ಹೊರಗೆ ಬಾಗಿದ ಒಂದೇ ಗಳುವನ್ನು ಆರಿಸಿ ಬಿಡಿಸಿ, ಉಳಿದದ್ದನ್ನು ತೆಳು ಶಾಯಿಯ ಒಂದೇ ಬಳಿತದಲ್ಲಿ ಸೂಚಿಸಿ.

ಕಾಂಡದ ಗೆರೆಯಲ್ಲಿ ಮುಖ್ಯವಾದದ್ದು ತುದಿಯನ್ನು ಗೆರೆಯೊಳಗೆ ಅಡಗಿಸುವುದು. ಬ್ರಷ್ಷನ್ನು ನೆಟ್ಟಗೆ ಹಿಡಿದು, ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಒಂದು ಎಳ್ಳಿನಷ್ಟು ಹಿಂದೆ ಸರಿಸಿ, ಒತ್ತಿ, ಆಮೇಲೆ ಮುಂದೆ ಎಳೆಯುವುದು. ಆಗ ಗಳುವಿನ ಗೆಣ್ಣು ದುಂಡಗೆ ಬರುತ್ತದೆ. ಗೆಣ್ಣಿನ ಕೊನೆಯಲ್ಲಿ ಒಂದು ಕ್ಷಣ ನಿಲ್ಲಿಸಿ, ಬಂದ ದಾರಿಯಲ್ಲೇ ತುಸು ಹಿಂದಿರುಗಿ ಎತ್ತಬೇಕು. ಗೆಣ್ಣಿಗೂ ಗೆಣ್ಣಿಗೂ ನಡುವೆ ಎರಡು ಮಿಲಿಮೀಟರ್ ಬಿಳಿ ಬಿಡಿ, ಅಲ್ಲಿ ಆಮೇಲೆ ಕಡುಶಾಯಿಯ ಸಣ್ಣ ಬಾಗುಗೆರೆ ಬರುತ್ತದೆ. ಬುಡದ ಗೆಣ್ಣುಗಳು ಗಿಡ್ಡ, ನಡುವಿನವು ಉದ್ದ, ತುದಿಗೆ ಮತ್ತೆ ಗಿಡ್ಡ. ಇದನ್ನು ಹಿತ್ತಲಿನ ಬಿದಿರಿನಲ್ಲೇ ನೋಡಬಹುದು. ಗಳು ಒಂದು ಬದಿ ಕಪ್ಪು, ಒಂದು ಬದಿ ಬೂದು ಬರಬೇಕಾದರೆ ಬ್ರಷ್ಷಿಗೆ ಮೊದಲು ನೀರು ಬೆರೆಸಿದ ತೆಳು ಶಾಯಿ ತುಂಬಿ, ಒಂದು ಮಗ್ಗುಲನ್ನು ಮಾತ್ರ ಕಡುಶಾಯಿಗೆ ತಾಗಿಸಿ, ಬ್ರಷ್ಷನ್ನು ಓರೆ ಮಲಗಿಸಿ ಎಳೆಯಿರಿ.

ಎಲೆ ಮೀನಾಗುವುದು ಎರಡೂ ಕೊನೆಯನ್ನು ಒಂದೇ ರೀತಿ ಚೂಪು ಮಾಡುವುದರಿಂದ, ದಪ್ಪದ ಜಾಗ ನಟ್ಟನಡುವೆ ಬೀಳುವುದರಿಂದ. ಬಿದಿರಿನ ಎಲೆ ತೊಟ್ಟಿನ ಹತ್ತಿರವೇ ಅಗಲವಾಗಿ, ಉಳಿದ ಉದ್ದವೆಲ್ಲ ನಿಧಾನಕ್ಕೆ ಸಣ್ಣಗಾಗುತ್ತದೆ. ತುದಿ ಇಟ್ಟ ಕೂಡಲೇ ಒತ್ತಿ, ಮೂರರಲ್ಲಿ ಒಂದು ಭಾಗಕ್ಕೇ ಪೂರ್ತಿ ದಪ್ಪ ಬರಲಿ, ಆಮೇಲೆ ವೇಗ ಹೆಚ್ಚಿಸುತ್ತ ಎತ್ತುತ್ತ ಹೋಗಿ. ಎಲೆಗೆ ಒಂದೇ ಗೆರೆ. ತಿದ್ದಲು ಎರಡನೇ ಸಲ ಬ್ರಷ್ ಆಡಿಸಿದರೆ ಅದು ಸತ್ತಂತೆಯೇ. ಮೂರು ಎಲೆಯ ಗೊಂಚಲಿನಲ್ಲಿ ಮೂರೂ ಒಂದೇ ಉದ್ದ ಇರದಿರಲಿ, ಮೂರೂ ಒಂದೇ ಬಿಂದುವಿನಿಂದ ಹೊರಡದಿರಲಿ.

ಇದೇ ಗೆರೆಗಳಿಗೆ ಬಿದಿರೇ ಆಗಬೇಕೆಂದಿಲ್ಲ. ಅಡಿಕೆ ಮರದ ಕಾಂಡದಲ್ಲಿ ಸೋಗೆ ಕಳಚಿದ ಬಳೆಗುರುತುಗಳಿಗೆ ಅದೇ ಗೆಣ್ಣಿನ ಗೆರೆ, ಸೋಗೆಯ ಗರಿಗಳಿಗೆ ಅದೇ ಎಲೆಯ ಗೆರೆ ಸಾಲುತ್ತದೆ. ಗರಿಗಳು ನಡುದಿಂಡಿಗೆ ಓರೆಯಾಗಿ ಹತ್ತುವುದನ್ನು ಗಮನಿಸಿ. ಗದ್ದೆಯಂಚಿನ ಹುಲ್ಲಿನಲ್ಲಿ ಗೆರೆಯ ನಡುವೆ ಒಮ್ಮೆ ಬ್ರಷ್ಷನ್ನು ಬೆರಳಲ್ಲಿ ಹೊರಳಿಸಿದರೆ ಎಲೆ ಮಗ್ಗುಲು ಬದಲಿಸಿದ್ದು ಕಾಣುತ್ತದೆ.

ಮನೆಯಲ್ಲಿ ಅಡಿಕೆ ಬೇಯಿಸಿದ ಚೊಗರು ಡಬ್ಬಗಟ್ಟಲೆ ಇದೆ. ಇದರಲ್ಲಿ ಚಿತ್ರ ಬಿಡಿಸಬಹುದಾ?
– ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಧಾರಾಳವಾಗಿ. ಹೆಗ್ಗೋಡಿನ ಕೈಮಗ್ಗ ಸಹಕಾರ ಸಂಘ ಚರಕದವರು ಬಟ್ಟೆಗೆ ಇದೇ ಚೊಗರಿನ ಬಣ್ಣ ಹಾಕುತ್ತಾರೆ. ಕಾಗದದ ಮೇಲೆ ಅದು ಕೆಂಗಂದು ಬಣ್ಣದ ತೆಳುಬಳಿತವಾಗಿ ಚೆನ್ನಾಗಿ ಕೂರುತ್ತದೆ. ಕಪ್ಪು ಶಾಯಿಯಲ್ಲಿ ಗೆರೆ ಎಳೆದು, ಮಾರನೇ ದಿನ ನೆರಳಿನ ಭಾಗಕ್ಕೆ ಚೊಗರು ಬಳಿಯುವುದು ಒಳ್ಳೆಯ ಜೋಡಿ.

ಗಟ್ಟಿ ಚೊಗರು ಒಂದು ಪಾಲಿಗೆ ಬಿಸಿನೀರು ಮೂರು ಪಾಲು ಬೆರೆಸಿ, ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸಿ. ಒಂದು ರಾತ್ರಿ ಇಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಿ, ತಳದ ಗಸಿ ಬ್ರಷ್ಷಿನೊಳಗೆ ಸೇರಿದರೆ ತುದಿ ಒಡೆಯುತ್ತದೆ. ಹಾಳೆಯ ಮೇಲೆ ಹರಿದಾಡಿದರೆ ಒಂದು ಸಣ್ಣ ಬಟ್ಟಲಿಗೆ ನಾಲ್ಕೈದು ಹನಿ ಗೋಂದಿನ ನೀರು ಹಾಕಿ. ತೆಳು ಮಾಡಿದ ಚೊಗರಿಗೆ ಬೇಗ ಬೂಷ್ಟು ಬರುತ್ತದೆ, ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಕಲಸಿ ಎರಡು ಲವಂಗ ಹಾಕಿಡಿ.

ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ಒಗರಿನ ಅಂಶ. ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಹಸಿರು ಛಾಯೆಯ ಕಪ್ಪಾಗುತ್ತದೆ. ಮಾಡಿ ನೋಡಲು ಚೆಂದ, ಆದರೆ ಕಬ್ಬಿಣ-ಟ್ಯಾನಿನ್ ಶಾಯಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಇಟ್ಟುಕೊಳ್ಳುವ ಚಿತ್ರಕ್ಕೆ ಬೇಡ. ಅದೇ ಕಾರಣಕ್ಕೆ ಬರೀ ಚೊಗರನ್ನೂ ಕಬ್ಬಿಣದ ಬಾಣಲೆಯಲ್ಲಿ ಬಿಸಿ ಮಾಡಬೇಡಿ. ಬಿಸಿಲು ಬೀಳುವ ಗೋಡೆಗೆ ಚಿತ್ರ ತೂಗುಹಾಕಿದರೆ ಬಣ್ಣ ಬದಲಾಗುತ್ತದೆ.

ನಮ್ಮ ಅಜ್ಜ ದೀಪದ ಕಾಡಿಗೆಯಿಂದ ಮಸಿ ಮಾಡಿ ಕಡತ ಬರೀತಿದ್ರು ಅಂತ ಮನೆಯಲ್ಲಿ ಹೇಳ್ತಾರೆ. ಆ ಮಸಿ ಮಾಡೋದು ಹೇಗೆ?
– ಓದುಗರು, ಶೃಂಗೇರಿ

ಮಸಿ ಮಾಡುತ್ತಿದ್ದುದು ಕಾಗದಕ್ಕಿರಬೇಕು. ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಮಡಿಕೆ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದರು.

ಹರಳೆಣ್ಣೆ ದೀಪದ ಉರಿಗೆ ಹಿತ್ತಾಳೆ ತಟ್ಟೆ ಬೋರಲು ಹಿಡಿದು ಕಾಡಿಗೆ ಕಟ್ಟಿ. ಕಾಡಿಗೆಗೆ ಎಣ್ಣೆಯ ಜಿಡ್ಡಿರುವುದರಿಂದ ನೀರು ಹಾಕಿದರೆ ತೇಲುತ್ತದೆ. ಮೊದಲು ಎರಡು ಹನಿ ಸ್ಪಿರಿಟ್ ಹಾಕಿ ಕಲಸಿ, ಆಮೇಲೆ ಜೇನಿನಷ್ಟು ಗಟ್ಟಿಯಾದ ಗೋಂದಿನ ನೀರು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ನುಣುಪು ಕಲ್ಲಿನ ಮೇಲೆ ಅರ್ಧ ಗಂಟೆಯಾದರೂ ಅರೆಯಿರಿ. ಅರೆದದ್ದು ಸಾಲದಿದ್ದರೆ ಗೆರೆಯಲ್ಲಿ ಕಾಳು ಕಾಣುತ್ತದೆ. ಒಣಗಿದ ಗೆರೆಯನ್ನು ಬೆರಳಲ್ಲಿ ಉಜ್ಜಿ: ಕಪ್ಪು ಹತ್ತಿದರೆ ಗೋಂದು ಕಡಿಮೆ, ಗೆರೆ ಹೊಳೆದು ಬಿರುಕು ಬಿಟ್ಟರೆ ಗೋಂದು ಹೆಚ್ಚು. ಈ ಮಸಿಗೆ ನೀರು ತಾಗಿದರೆ ಕದಡುತ್ತದೆ, ಮೇಲೆ ನೀರುಬಣ್ಣ ಬಳಿಯಲು ಆಗದು.

ಹಸೆ ಚಿತ್ತಾರದ ಪುಂಡಿ ನಾರಿನ ಬ್ರಷ್ಷಿನಲ್ಲಿ ಶಾಯಿಯ ಗೆರೆ ಅಭ್ಯಾಸ ಮಾಡಬಹುದೇ?
– ಶಿಕ್ಷಕಿ, ಸೊರಬ

ಮಾಡಬಹುದು, ಆದರೆ ಅದು ಬೇರೆ ಪಾಠ. ದೀವರ ಸಮುದಾಯದ ಹೆಣ್ಣುಮಕ್ಕಳು ಆ ನಾರಿನಲ್ಲಿ ಎಳೆಯುವುದು ಅಕ್ಕಿ ಹಿಟ್ಟಿನ ಬಿಳಿಯನ್ನು, ಕೆಮ್ಮಣ್ಣಿನ ಗೋಡೆಯ ಮೇಲೆ. ನಾರು ಬಿರುಸು, ಒತ್ತಿದರೂ ಹರಡುವುದಿಲ್ಲ. ಗೆರೆ ಉದ್ದಕ್ಕೂ ಒಂದೇ ದಪ್ಪ ಬರುವುದೇ ಅದರ ಗುಣ. ಒತ್ತುವ-ಬಿಡುವ ಗೆರೆಯನ್ನು ಅದರಲ್ಲಿ ಕಲಿಯಲಾಗದು. ಸಮಾನ ಅಂತರದ ಗೆರೆಗಳನ್ನು ಅಡಿಪಟ್ಟಿಯಿಲ್ಲದೆ ಎಳೆಯುವ ಕಣ್ಣಳತೆ ಮಾತ್ರ ಅದರಷ್ಟು ಚೆನ್ನಾಗಿ ಇನ್ನೊಂದರಲ್ಲಿ ಬರುವುದಿಲ್ಲ. ಮಕ್ಕಳಿಗೆ ಮೊದಲು ಅದನ್ನೇ ಕೊಡಿ. ಡ್ರಾಯಿಂಗ್ ಇಂಕಿಗೆ ಅದ್ದಬೇಡಿ, ಒಣಗಿದರೆ ನಾರು ಕಡ್ಡಿಯಾಗುತ್ತದೆ.

ಮಂಡಗದ್ದೆಗೆ ಹೋಗಿ ಹಕ್ಕಿಗಳನ್ನು ಬ್ರಷ್ಷಿನಲ್ಲಿ ಬಿಡಿಸುವ ಆಸೆ. ಪೆನ್ಸಿಲ್ ಸ್ಕೆಚ್ ಮಾಡುವಷ್ಟರಲ್ಲೇ ಹಾರಿಹೋಗುತ್ತವೆ.
– ಓದುಗರು, ಶಿವಮೊಗ್ಗ

ಬೆಳ್ಳಕ್ಕಿಯನ್ನು ಬಿಟ್ಟು ನೀರುಕಾಗೆಯಿಂದ ಶುರುಮಾಡಿ. ಬಿಳಿ ಹಕ್ಕಿಗೆ ಸುತ್ತಲಿನ ಕತ್ತಲೆಯನ್ನು ಬಳಿಯಬೇಕು. ನೀರುಕಾಗೆ ತಾನೇ ಕಪ್ಪು, ತುಂಬಿದ ಬ್ರಷ್ಷಿನ ಮೂರು ಗೆರೆಗೆ ಮುಗಿಯುತ್ತದೆ: ಕೊಕ್ಕಿನಿಂದ ಕತ್ತಿನ ಎರಡು ತಿರುವು ಒಂದು, ಒತ್ತಿ ಎಳೆದ ಬೆನ್ನು ಒಂದು, ಬಾಲ ಒಂದು. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಅದು ಬಹಳ ಹೊತ್ತು ಕೂರುವುದೂ ಅನುಕೂಲ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಹಕ್ಕಿಗಳು ಹೆಚ್ಚು. ಶಾಯಿಯನ್ನು ಬಾಟಲಿಯಲ್ಲಿ ಒಯ್ಯದೆ, ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಹತ್ತಿ ಇಟ್ಟು ಅದು ನೆನೆಯುವಷ್ಟು ಶಾಯಿ ಹಾಕಿಕೊಳ್ಳಿ. ಉರುಳಿದರೂ ಚೆಲ್ಲುವುದಿಲ್ಲ, ಬ್ರಷ್ಷಿಗೆ ಹತ್ತುವ ಶಾಯಿಯೂ ಹದವಾಗಿರುತ್ತದೆ.

ಒಂದು ತಿಂಗಳಿಗೇ ಬ್ರಷ್ಷಿನ ತುದಿ ಎರಡಾಗಿ ಸೀಳಿತು. ಬ್ರಷ್ಷೇ ಕಳಪೆಯೋ?
– ಓದುಗರು, ಭದ್ರಾವತಿ

ತಗಡಿನ ಕೊರಳಿನ ಹತ್ತಿರ ಕೂದಲನ್ನು ಹಿಚುಕಿ ನೋಡಿ. ಅಲ್ಲಿ ಗಟ್ಟಿ ಗಂಟು ಸಿಕ್ಕರೆ ಶಾಯಿ ಒಳಗೆ ಒಣಗಿ ಕೂದಲನ್ನು ಬುಡದಿಂದಲೇ ಅಗಲಿಸಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಸೋಪಿನ ನೊರೆ ಮಾಡಿ ಒಂದು ಗಂಟೆ ನೆನೆಸಿ, ಅಂಗೈಯಲ್ಲಿ ತಿರುಗಿಸುತ್ತ ನೊರೆ ಬೆಳ್ಳಗಾಗುವವರೆಗೆ ತೊಳೆಯಿರಿ. ಕುದಿಯುವ ನೀರು ಬೇಡ, ಕೂದಲು ಹಿಡಿದಿರುವ ಅಂಟು ಬಿಟ್ಟುಹೋಗುತ್ತದೆ. ಅರಗಿನ ಶಾಯಿಯಾಗಿದ್ದರೆ ನೀರಿಗೆ ಚಿಟಿಕೆ ಬೊರಾಕ್ಸ್ ಹಾಕಿದರೆ ಬೇಗ ಸಡಿಲಾಗುತ್ತದೆ. ತೊಳೆದ ಬ್ರಷ್ಷನ್ನು ತುದಿ ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿದರೆ ನೀರು ಕೊರಳಿನೊಳಗೆ ಇಳಿದು ಹಿಡಿಕೆಯ ಮರ ಊದಿಕೊಳ್ಳುತ್ತದೆ. ಬೆರಳಲ್ಲಿ ತುದಿ ಕೂಡಿಸಿ ಮಲಗಿಸಿಡಿ. ಒದ್ದೆ ಇರುವಾಗ ಪ್ಲಾಸ್ಟಿಕ್ ಟೊಪ್ಪಿ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಇಷ್ಟಾದರೂ ತುದಿ ಕೂಡದಿದ್ದರೆ ಅದನ್ನು ಒಣ ಬ್ರಷ್ಷಿನ ಕೆಲಸಕ್ಕೆ ಇಟ್ಟುಕೊಳ್ಳಿ. ಶಾಯಿಯನ್ನು ಬಟ್ಟೆಗೆ ಮುಕ್ಕಾಲು ಒರೆಸಿ ಓರೆಯಾಗಿ ಉಜ್ಜಿದರೆ ಮರದ ತೊಗಟೆಗೂ ಜಂಬಿಟ್ಟಿಗೆ ಕಲ್ಲಿಗೂ ಸೀಳಿದ ಬ್ರಷ್ಷೇ ಒಳ್ಳೆಯದು.